ಕೊನೆಯ ಹೊತ್ತಿಗೆ ಯಾವ ರಾಗ? ನಾನು ಪಟ್ಟಿ ಮಾಡಿದ್ದು ಹೀಗೆ

ಸಾಯುವ ಹೊತ್ತಿಗೆ ಕಿವಿಗೆ ಏನು ಬೀಳಬೇಕು ಅನ್ನೋದನ್ನು ನಮ್ಮ ಮನೆಗಳಲ್ಲಿ ಸಾಯುವವರು ತೀರ್ಮಾನ ಮಾಡುವುದು ಕಡಿಮೆ. ನೋಡಲು ಬಂದವರು ಮಾಡುತ್ತಾರೆ. ಒಬ್ಬರು ಸಹಸ್ರನಾಮ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಭಜನೆ ಅನ್ನುತ್ತಾರೆ. ಹಾಲ್‌ನಲ್ಲಿ ಟಿವಿ ಬೇರೆ ಓಡುತ್ತಿರುತ್ತದೆ. ನಮ್ಮ ಅಪ್ಪನ ವಿಷಯದಲ್ಲಿ ಹಾಗಾಗಲಿಲ್ಲ, ಯಾಕಂದ್ರೆ ಅವರಿನ್ನೂ ಮಾತಾಡುತ್ತಿದ್ದಾಗಲೇ ನಾನು ಕೇಳಿ ಬರೆದಿಟ್ಟುಕೊಂಡಿದ್ದೆ. ಆಮೇಲೆ ನನಗಾಗಿಯೂ ಒಂದು ಪಟ್ಟಿ ಮಾಡಿದೆ.

'ಕೊನೆಗೆ ಏನು ಕೇಳಬೇಕು ಅನ್ಸುತ್ತೆ' ಅಂತ ನೇರವಾಗಿ ಕೇಳಲು ಬಾಯಿ ಬರುವುದಿಲ್ಲ. ನಾನು ರೇಡಿಯೋದಿಂದ ಶುರು ಮಾಡಿದೆ. ಅಪ್ಪ ಧಾರವಾಡದವರು. 1950ರಲ್ಲಿ ಅಲ್ಲಿ ಆಕಾಶವಾಣಿ ಕೇಂದ್ರ ಶುರುವಾದಾಗ ಶಾಲೆಗೆ ಹೋಗುವ ಹುಡುಗ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಇವರೆಲ್ಲ ಅವರಿಗೆ ತಮ್ಮೂರಿನ ದನಿಗಳು. 'ಯಾರ ಹಾಡು ಬಂದ್ರೆ ಊಟ ಬಿಟ್ಟು ರೇಡಿಯೋ ಹತ್ರ ಹೋಗ್ತಿದ್ರಿ?' ಅಂದೆ. ಮಾತು ಅಲ್ಲಿಂದ ತಾನಾಗಿ ಬಂತು. ಏನು ಬೇಡ ಅಂತಲೂ ಕೇಳಿದೆ. ನನಗನಿಸುವಂತೆ ಅದೇ ಹೆಚ್ಚು ಮುಖ್ಯ. ಶಹನಾಯಿ ಬೇಡ, ಅದು ಮದುವೆಯದ್ದು ಅಂದರು. ಅಳಿಸುವ ಹಾಡು ಬೇಡ. ಸಹಸ್ರನಾಮ ಬೇಕು, ಆದರೆ 'ಅದು ಮುಂಜಾನೀದು, ಸಂಜೀಕ ಹಚ್ಚಬ್ಯಾಡ.'

ಈ ಮಾತೇ ಪಟ್ಟಿಗೆ ದಾರಿ ತೋರಿಸಿತು. ಹಿಂದುಸ್ತಾನಿ ಸಂಗೀತದಲ್ಲಿ ಒಂದೊಂದು ರಾಗಕ್ಕೆ ಒಂದೊಂದು ಹೊತ್ತು. ಅದನ್ನು ಕೇಳಿ ಬೆಳೆದವರಿಗೆ ಹೊತ್ತು ತಪ್ಪಿದ ರಾಗ ಕಿವಿಗೆ ಒಗ್ಗುವುದಿಲ್ಲ. ಸಾವು ಯಾವ ಹೊತ್ತಿಗೆ ಬರುತ್ತದೋ ಯಾರಿಗೆ ಗೊತ್ತು? ಹಾಗಾಗಿ ಇಡೀ ದಿನಕ್ಕೆ ಪಟ್ಟಿ ಮಾಡಬೇಕಾಯಿತು. ನಸುಕಿಗೆ ಲಲಿತ್. ಬೆಳಿಗ್ಗೆ ಅಹೀರ್ ಭೈರವ್, ಹೊತ್ತೇರಿದ ಮೇಲೆ ತೋಡಿ. ಮಧ್ಯಾಹ್ನಕ್ಕೆ ಬೃಂದಾವನಿ ಸಾರಂಗ, ಆಮೇಲೆ ಭೀಮಪಲಾಸಿ. ಹೊತ್ತು ಮುಳುಗುವಾಗ ಮಾರ್ವಾ ಇರಲೋ ಬೇಡವೋ ಅಂತ ಇಬ್ಬರೂ ತುಂಬಾ ಮಾತಾಡಿದೆವು. ಮಾರ್ವಾದಲ್ಲಿ ಪಂಚಮ, ಅಂದರೆ 'ಪ' ಸ್ವರ, ಇಲ್ಲ. ಆಧಾರ ಸ್ವರವಾದ ಷಡ್ಜಕ್ಕೆ ('ಸ') ಬಂದು ನಿಲ್ಲುವುದನ್ನೂ ಹಾಡುವವರು ಮುಂದೂಡುತ್ತಾ ಹೋಗುತ್ತಾರೆ. ಈಜುವಾಗ ಕಾಲಿಗೆ ನೆಲ ಸಿಗದಂಥ ಚಡಪಡಿಕೆ ಅದು. ಕಚೇರಿಯಲ್ಲಿ ಅದೇ ಅದರ ಚಂದ, ಆದರೆ ಉಸಿರಿಗೆ ಕಷ್ಟಪಡುತ್ತಿರುವವರ ಪಕ್ಕ ನನಗೆ ಬೇಡ ಅನಿಸಿತು. ಅಪ್ಪನೂ ಕೊನೆಗೆ 'ಯಮನ್ ಹಚ್ಚು, ಸಾಕು' ಅಂದರು. ರಾತ್ರಿಗೆ ಬಾಗೇಶ್ರೀ, ನಡುರಾತ್ರಿಗೆ ಮಾಲಕೌಂಸ್. ಭೈರವಿಯನ್ನು ಬೇರೆಯಾಗಿ ಇಟ್ಟೆವು. ಲೆಕ್ಕಕ್ಕೆ ಅದು ಬೆಳಗಿನ ರಾಗ, ಆದರೆ ಕಚೇರಿ ಯಾವ ಹೊತ್ತಿಗೆ ಮುಗಿದರೂ ಕೊನೆಗೆ ಹಾಡುವುದು ಭೈರವಿಯನ್ನೇ ಅಲ್ವಾ?

ರಾಗ ಆರಿಸಿದರೆ ಕೆಲಸ ಮುಗಿಯಲಿಲ್ಲ. ಕೊನೆಯ ದಿನಗಳಲ್ಲಿ ಉಸಿರು ಏರುತ್ತಾ ಹೋಗುತ್ತದೆ, ಇಳಿಯುತ್ತಾ ಬರುತ್ತದೆ, ನಿಂತೇಹೋಯಿತು ಅನ್ನುವಷ್ಟು ಹೊತ್ತು ನಿಂತು ಮತ್ತೆ ಶುರುವಾಗುತ್ತದೆ. ವೈದ್ಯರು ಇದನ್ನು ಚೇನ್-ಸ್ಟೋಕ್ಸ್ ಉಸಿರಾಟ ಅನ್ನುತ್ತಾರೆ. ಅದರ ಪಕ್ಕದಲ್ಲಿ ತಬಲಾದ ಗತಿ ಓಡುತ್ತಿದ್ದರೆ ಎರಡಕ್ಕೂ ಹೊಂದುವುದಿಲ್ಲ. ಅಮೆರಿಕದಲ್ಲಿ ಸಾಯುತ್ತಿರುವವರ ಹಾಸಿಗೆಯ ಬಳಿ ಹಾರ್ಪ್ ನುಡಿಸುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಅವರೂ ರೋಗಿಯ ಉಸಿರನ್ನು ನೋಡಿಕೊಂಡು, ಬಿಗಿ ತಾಳವಿಲ್ಲದ ಸಂಗೀತವನ್ನೇ ಜಾಸ್ತಿ ನುಡಿಸುತ್ತಾರೆ. ನಮ್ಮಲ್ಲಿ ಅದಕ್ಕೆ ತಾಳವಿಲ್ಲದೆ ನಿಧಾನವಾಗಿ ರಾಗ ಬಿಡಿಸುವ ಆಲಾಪವೇ ಇದೆ. ರುದ್ರವೀಣೆ, ಸಿತಾರ್, ಸರೋದ್‌ಗಳಲ್ಲಿ ತಬಲಾ ಇಲ್ಲದ ಉದ್ದನೆಯ ಆಲಾಪ ಸಿಗುತ್ತದೆ. ಹಾಡುಗಾರಿಕೆಯಲ್ಲಿ ನಿಧಾನಗತಿಯ ವಿಲಂಬಿತ್ ಮಾತ್ರ ಇಟ್ಟುಕೊಂಡು, ವೇಗದ ದ್ರುತ್ ಬರುವ ಮೊದಲೇ ಕತ್ತರಿಸಿದೆ. ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡೆ. ಬಾಗೇಶ್ರೀ ನಡುವೆ ಬಣ್ಣದ ಕಂಪನಿಯ ಜಾಹೀರಾತು ಬರಬಾರದು. ಹಾಡು ಹಾಕುವ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಬೇಕು.

ದನಿ ಎಷ್ಟಿರಬೇಕು? 2020ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಸಾವಿಗೆ ಹತ್ತಿರವಾಗಿದ್ದ ರೋಗಿಗಳ ಮೆದುಳಿನ ಅಲೆಗಳನ್ನು ಅಳೆದು ಒಂದು ಅಧ್ಯಯನ ಪ್ರಕಟಿಸಿದರು. ಕರೆದರೆ ಓಗೊಡದ ಸ್ಥಿತಿಯಲ್ಲೂ ಕೆಲವರ ಮೆದುಳು ಸದ್ದಿನ ಬದಲಾವಣೆಗೆ ಸ್ಪಂದಿಸಿತ್ತು. ಅವರಿಗೆ ಅದು ಏನೆಂದು ತಿಳಿಯುತ್ತಿತ್ತೇ ಅನ್ನೋದನ್ನು ಆ ಅಧ್ಯಯನ ಹೇಳುವುದಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಕಿವಿ ಇನ್ನೂ ಕೆಲಸ ಮಾಡುತ್ತಿರಬಹುದು ಅಂದಮೇಲೆ ಅಬ್ಬರ ಬೇಡ. ಚಿಕ್ಕ ಸ್ಪೀಕರ್ ಅನ್ನು ದಿಂಬಿನಿಂದ ಒಂದು ಮೊಳ ದೂರ ಇಟ್ಟೆ. ನಾವು ಮಾತಾಡುವ ದನಿಗಿಂತ ಸಣ್ಣಗೆ. ಇಯರ್‌ಫೋನ್ ಹಾಕಲಿಲ್ಲ, ನಮ್ಮ ಮಾತೂ ಅವರಿಗೆ ಕೇಳಬೇಕಿತ್ತು.

ಅರ್ಧ ಗಂಟೆ ಹಾಕಿ, ಆಮೇಲೆ ಜಾಸ್ತಿ ಹೊತ್ತು ಸುಮ್ನೆ ಬಿಡುತ್ತಿದ್ದೆ. ಹಾಕಿದಾಗ ಅವರ ಹಣೆ ಮತ್ತು ದವಡೆ ನೋಡುತ್ತಿದ್ದೆ. ಬಾಗೇಶ್ರೀ ಶುರುವಾದರೆ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು, ಬಲಗೈ ಹೆಬ್ಬೆರಳು ಹೊದಿಕೆಯ ಅಂಚನ್ನು ಬಿಡುತ್ತಿತ್ತು. ತೋಡಿಗೆ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದರು. ಅವರೇ ಬರೆಸಿದ್ದ ರಾಗ ಅದು. ಆದರೂ ತೆಗೆದೆ.

ಒಂದು ಸಂಜೆ ಸೋದರತ್ತೆ ಬಂದು ಸಹಸ್ರನಾಮ ಹಾಕಲೇಬೇಕು ಅಂತ ಹಟ ಹಿಡಿದರು. ಅವರ ಸಂಕಟವೂ ಸಣ್ಣದಲ್ಲ, ಒಡಹುಟ್ಟಿದವನು. ರೆಕಾರ್ಡಿಂಗ್ ಬೇಡ, ನೀವೇ ಹೇಳಿ ಅಂದೆ. ಅತ್ತೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಸಣ್ಣ ದನಿಯಲ್ಲಿ ಹೇಳಿದರು. ನಡುನಡುವೆ ತಮ್ಮನ ಹೆಸರು ಕರೆಯುವರು, ಮತ್ತೆ ಮುಂದಿನ ಶ್ಲೋಕ. ಅಪ್ಪ ಸಂಜೆಗೆ ಬೇಡ ಅಂದಿದ್ದರು ನಿಜ. ಆದರೆ ಅಕ್ಕನ ದನಿಗೆ ಅವರ ಮುಖ ಶಾಂತವಾಗಿಯೇ ಇತ್ತು.

ಅಪ್ಪ ಹೋದದ್ದು ಒಂದು ಮಧ್ಯಾಹ್ನ, ಭೀಮಪಲಾಸಿಯ ಹೊತ್ತಿಗೆ. ಆಗ ಏನೂ ಹಾಕಿರಲಿಲ್ಲ. ಬೆಳಗಿನಿಂದಲೂ ಸದ್ದಿಲ್ಲದಿರುವುದೇ ಅವರಿಗೆ ಹಿತವಾಗಿ ಕಂಡಿತ್ತು. ಇದರಿಂದ ಪಟ್ಟಿ ವ್ಯರ್ಥವಾಯಿತು ಅಂತ ನನಗೆ ಅನಿಸಿಲ್ಲ. ಅದನ್ನು ಮಾಡುತ್ತಾ ನಾವಿಬ್ಬರೂ ಆಡಿದಷ್ಟು ಮಾತು ಅದಕ್ಕೂ ಮೊದಲು ಆಡಿರಲಿಲ್ಲ.

ನನ್ನ ಪಟ್ಟಿ ಬೇರೆ ಥರ. ಮದುವೆಯಾಗಿ ಮೈಸೂರಿಗೆ ಬಂದು ವೀಣೆ ಕಲಿತೆ, ಕಿವಿ ಕರ್ನಾಟಕ ಸಂಗೀತಕ್ಕೆ ಹೊರಳಿತು. ನೀಲಾಂಬರಿ ಇಟ್ಟಿದ್ದೇನೆ, ಜೋಗುಳದ ರಾಗ. ಕೊನೆಗೆ ಮಧ್ಯಮಾವತಿ. ಕಚೇರಿಯ ಕೊನೆಯಲ್ಲಿ ಅದನ್ನು ಹಾಡಿದರೆ ಅಲ್ಲಿಯವರೆಗಿನ ಲೋಪದೋಷಗಳು ತೀರುತ್ತವೆ ಅನ್ನುವ ನಂಬಿಕೆ ಸಂಗೀತಗಾರರಲ್ಲಿದೆ. ನನಗೂ ಅದು ಬೇಕು. ಮುಖಾರಿ ಬೇಡ, ಅದು ದುಃಖದ ರಾಗ.

ಚಿಕಿತ್ಸೆ ಎಲ್ಲಿಯವರೆಗೆ ಸಾಕು ಅನ್ನುವ ಮುಂಗಡ ವೈದ್ಯಕೀಯ ನಿರ್ದೇಶನವನ್ನೂ ಮಾಡಿಸಿದ್ದೇನೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ವಿಧಾನ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಸಂಗೀತದ ಹಾಳೆಗೆ ಕಾನೂನಿನ ಬಲ ಇಲ್ಲ, ಅದನ್ನು ಬೇರೆಯಾಗಿ ಬರೆದು ಜೊತೆಗೆ ಪಿನ್ ಮಾಡಿದ್ದೇನೆ. ಆಸ್ಪತ್ರೆಯಲ್ಲಿದ್ದರೆ ಮಾನಿಟರ್‌ನ ಸದ್ದು ನಿಲ್ಲಿಸಲು ಕೇಳಿ ಅಂತಲೂ ಅದರಲ್ಲಿದೆ. ಒಂದು ಪ್ರತಿ ಮಗಳ ಬಳಿ ಇದೆ, ಪೆನ್ ಡ್ರೈವ್ ನನ್ನ ಔಷಧಿ ಡಬ್ಬಿಯಲ್ಲಿದೆ. ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ನನ್ನ ಹಣೆ ಗಂಟಿಕ್ಕಿದರೆ ನಿಲ್ಲಿಸಿಬಿಡಿ, ಪಟ್ಟಿ ನೋಡಬೇಡಿ.