ಕೂಗದ ಕುಕ್ಕರ್‌ಗೇ ಹೆದರಬೇಕು

ಮದುವೆಯಾಗಿ ಬಂದ ಹೊಸದರಲ್ಲಿ ಕುಕ್ಕರ್ ಕೂಗಿದರೆ ನಾನು ಹಿತ್ತಿಲಿಗೆ ಓಡುತ್ತಿದ್ದೆ. ಈಗ ಅದು ಕೂಗದಿದ್ದರೆ ಅಡುಗೆಮನೆಗೆ ಓಡುತ್ತೇನೆ. ಕೂಗಿದರೆ ಆವಿ ತನ್ನ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂದರ್ಥ. ದಿನಾ ಕೂಗುವ ಹೊತ್ತಿಗೆ ಸದ್ದೇ ಇಲ್ಲ ಅಂದರೆ ಮೊದಲು ಒಲೆ ಆರಿಸಿ. ಆಮೇಲೆ ಯೋಚನೆ.

ಒಂದು ಸಂಕ್ರಾಂತಿಗೆ ಹಾಗೇ ಆಯಿತು. ಹುಗ್ಗಿಗೆ ಅಕ್ಕಿ, ಹೆಸರುಬೇಳೆ ಹಾಕಿ ಕತ್ತಿನವರೆಗೆ ನೀರು ತುಂಬಿಬಿಟ್ಟಿದ್ದೆ. ನೊರೆ ಉಕ್ಕಿ, ವೆಯ್ಟ್ ಕೂರುವ ಕೊಳವೆಯಲ್ಲಿ ಬೇಳೆ ಸಿಕ್ಕಿಕೊಂಡಿತು. ಸೇಫ್ಟಿ ವಾಲ್ವ್ ಹಾರಿ, ಹುಗ್ಗಿಯೆಲ್ಲ ಸೂರಿಗೆ! ಆ ಅರಿಶಿನದ ಕಲೆ ಯುಗಾದಿಗೆ ಸುಣ್ಣ ಬಳಿಯುವವರೆಗೂ ಅಲ್ಲೇ ಇತ್ತು. ಬಂದವರೆಲ್ಲ ಕತ್ತೆತ್ತಿ ನೋಡುವವರೇ.

ಅಂದಿನಿಂದ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯೊಳಗೆ ಇಣುಕದೆ ಒಲೆಗಿಡುವುದಿಲ್ಲ. ಆಚೆ ಬೆಳಕು ಕಾಣಬೇಕು. ಬೇಳೆಕಾಳು, ಅಕ್ಕಿ ಆದರೆ ನೀರೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಜಾಸ್ತಿ ಬೇಡ, ಬೇರೆ ಏನೇ ಆದರೂ ಮೂರರಲ್ಲಿ ಎರಡು ಪಾಲು ಸಾಕು. ಬೇಳೆಗೆ ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ಕಡಿಮೆ. ತೆಗೆದಿಡುವ ವೆಯ್ಟ್ ಆದರೆ, ಆವಿ ಬುಸ್ ಅಂತ ಬಂದ ಮೇಲೇ ಹಾಕಿ. ಡಬ್ಬಿ ಇಡುವಾಗ ತಳದಲ್ಲಿ ಎರಡು ಲೋಟ ನೀರಾದರೂ ಇರಲಿ. ಹಿಂಡಿದ ನಿಂಬೆ ಸಿಪ್ಪೆ ಹಾಕಿದರೆ ಅಲ್ಯೂಮಿನಿಯಂ ಕಪ್ಪಾಗುವುದಿಲ್ಲ.

ಆ ಸೇಫ್ಟಿ ವಾಲ್ವ್‌ನಲ್ಲಿ ಬಿಸಿ ಮಿತಿ ಮೀರಿದರೆ ಕರಗುವ ಲೋಹ ಇರುತ್ತದೆ. ಒಮ್ಮೆ ಹಾರಿದರೆ ಅದೇ ಕಂಪನಿಯ ಹೊಸದನ್ನೇ ಹಾಕಿಸಬೇಕು. ರಿಪೇರಿಯವನೊಬ್ಬ ನನಗೆ ಆ ತೂತಿಗೆ ಸುಮ್ನೆ ಒಂದು ಬೋಲ್ಟ್ ಬಿಗಿದು ಕೊಟ್ಟಿದ್ದ! ವಾಪಸ್ ಹೋಗಿ ಬೈದು ಬಂದೆ. ಗ್ಯಾಸ್ಕೆಟ್ ಗಟ್ಟಿಯಾಗಿ ಅಂಚಲ್ಲಿ ಆವಿ ಸೋರಿದರೆ ಗೋಧಿಹಿಟ್ಟು ಮೆತ್ತುವವರಿದ್ದಾರೆ. ಬೇಡ, ಹೊಸದು ತನ್ನಿ.

ಒಳಗೆ ಸುಮಾರು 120 ಡಿಗ್ರಿ ಬಿಸಿ ಇರುತ್ತದೆ. ತಾನಾಗಿ ಆರಲಿ. ಮಕ್ಕಳು ಸ್ಕೂಲಿಗೆ ಹೊರಟು ನಿಂತಿದ್ದಾರೆ ಅಂತಿಟ್ಟುಕೊಳ್ಳಿ, ನಲ್ಲಿಯ ಕೆಳಗೆ ಹಿಡಿದು ಪಕ್ಕಕ್ಕೆ ನೀರು ಬಿಡಿ, ವೆಯ್ಟ್ ಮೇಲೆ ಮಾತ್ರ ಬೀಳಬಾರದು. ಬೇಳೆ ಇದ್ದಾಗ ಚಮಚದಲ್ಲಿ ವೆಯ್ಟ್ ಎತ್ತುವ ಆಟ ಬೇಡವೇ ಬೇಡ. ಮುಚ್ಚಳ ಸಲೀಸಾಗಿ ಬರದಿದ್ದರೆ ಒಳಗೆ ಇನ್ನೂ ಆವಿ ಇದೆ, ಗುದ್ದಾಡಬೇಡಿ. ತೆಗೆಯುವಾಗಲೂ ಮುಖ ದೂರ ಇರಲಿ. ನಾನು ಮರೆತು ಬಗ್ಗುತ್ತೇನೆ, ಕನ್ನಡಕವೆಲ್ಲ ಮಂಜು.