ಸ್ಟುಡಿಯೋ ಲೈಟಿಂಗ್ ಕಲಿಯೋಕೆ ಒಂದೇ ಲೈಟ್ ಸಾಕು

ಹೊಸ ಫ್ಲಾಶ್ ಜೋಡಿಸಿ, ಟ್ರಿಗರ್ (ಕ್ಯಾಮೆರಾದಿಂದ ಫ್ಲಾಶ್ ಮಿಂಚಿಸುವ ಸಾಧನ) ಹಾಕಿ, ಖುಷಿಯಿಂದ ಮೊದಲ ಫೋಟೋ ತೆಗೆದರೆ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ. ಲೈಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಶಟರ್ ಸ್ಪೀಡ್ ಜಾಸ್ತಿ ಆಗಿದೆ, ಅಷ್ಟೇ. ಶಟರಿಗೆ ಎರಡು ಪರದೆ ಇರುತ್ತವೆ. ವೇಗ ಮಿತಿ ದಾಟಿದರೆ ಮೊದಲನೆಯದು ಪೂರ್ತಿ ತೆರೆಯುವಷ್ಟರಲ್ಲಿ ಎರಡನೆಯದು ಮುಚ್ಚೋಕೆ ಶುರು ಮಾಡಿರುತ್ತದೆ, ಫ್ಲಾಶ್ ಮಿಂಚಿದಾಗ ಪರದೆ ಅಡ್ಡ ಇದ್ದ ಜಾಗ ಕಪ್ಪಾಗಿ ಉಳಿಯುತ್ತದೆ. ತುಂಬಾ ಕ್ಯಾಮೆರಾಗಳಲ್ಲಿ ಈ ಮಿತಿ 1/200 ಅಥವಾ 1/250 ಸೆಕೆಂಡಿನ ಆಸುಪಾಸು. ನಾನು 1/125ಕ್ಕೆ ಇಟ್ಟು ಅದನ್ನು ಮುಟ್ಟೋಕೇ ಹೋಗುವುದಿಲ್ಲ.

ಮ್ಯಾನ್ಯುಯಲ್ ಮೋಡ್, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) 100, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಫ್ 8, ಶಟರ್ 1/125. ಇಲ್ಲಿಂದ ಶುರು ಮಾಡಿ. ಈಗ ಟ್ರಿಗರ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಏನಾದರೂ ಕಾಣಿಸಿದರೆ ಕೋಣೆಯ ಬಲ್ಬಿನ ಬೆಳಕು ಒಳಗೆ ಸೇರುತ್ತಿದೆ ಎಂದರ್ಥ, ಮುಖದ ಒಂದು ಕಡೆ ಹಳದಿ ಬರೋದು ಅದರಿಂದಲೇ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಸೆಟ್ಟಿಂಗ್‌ಗೆ ಸ್ಕ್ರೀನೇ ಕತ್ತಲಾಗಿ ಏನೂ ಕಾಣದೇ ಹೋದರೆ, ಮೆನುವಿನಲ್ಲಿ ಎಕ್ಸ್‌ಪೋಶರ್ ಪ್ರಿವ್ಯೂ ಆಫ್ ಮಾಡಿ.

ಫೋಟೋ ಡಾರ್ಕ್ ಬಂತು ಅಂತ ಶಟರ್ ನಿಧಾನ ಮಾಡಿದರೆ ಪ್ರಯೋಜನ ಇಲ್ಲ. ಫ್ಲಾಶ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿದುಹೋಗುತ್ತದೆ. ಅದರ ಬೆಳಕನ್ನು ಹಿಡಿತದಲ್ಲಿಡುವುದು ಅಪರ್ಚರ್, ಐಎಸ್ಒ, ಫ್ಲಾಶ್ ಪವರ್, ಮತ್ತೆ ದೂರ.

ಈ ದೂರದ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಸಾಫ್ಟ್‌ಬಾಕ್ಸ್ (ಲೈಟಿಗೆ ಹಾಕುವ, ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ) ಹಾಕಿದ್ದೇನೆ, ಆದರೂ ನೆರಳು ಯಾಕೆ ಇಷ್ಟು ಗಟ್ಟಿ ಅಂತ ಕೇಳುತ್ತಾರೆ. ಹೋಗಿ ನೋಡಿದರೆ ಸಾಫ್ಟ್‌ಬಾಕ್ಸ್ ಎರಡು ಮೀಟರ್ ಆಚೆ ನಿಂತಿರುತ್ತದೆ. ಅಷ್ಟು ದೂರದಿಂದ ಮುಖಕ್ಕೆ ಅದು ಚಿಕ್ಕ ದೀಪ. ಮೃದು ಬೆಳಕು ಬೇಕಾದರೆ ಫ್ರೇಮಿನ ಅಂಚಿಗೆ ತಾಗುವ ಹಾಗೆ ಹತ್ತಿರ ಎಳೆಯಿರಿ. ಎರಡು ಮೀಟರಿನಿಂದ ಒಂದು ಮೀಟರಿಗೆ ತಂದರೆ ಬೆಳಕು ನಾಲ್ಕು ಪಟ್ಟು ಆಗುತ್ತದೆ, ಹಾಗಾಗಿ ಪವರ್ ಪೂರ್ತಿಯ 1/4 ಇದ್ದರೆ 1/16ಕ್ಕೆ ಇಳಿಸಿ.

ಹಿಂದಿನ ಬಿಳಿ ಗೋಡೆ ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗೋದೂ ಇದೇ ಲೆಕ್ಕ. ಲೈಟಿನಿಂದ ಮುಖ ಅರ್ಧ ಮೀಟರ್, ಗೋಡೆ ಒಂದೂವರೆ ಮೀಟರ್ ಇದ್ದರೆ, ಮುಖಕ್ಕೆ ಸಿಗುವ ಬೆಳಕಿನ ಒಂಬತ್ತನೇ ಒಂದು ಭಾಗ ಮಾತ್ರ ಗೋಡೆಗೆ ಸಿಗುತ್ತದೆ. ಮುಖದಿಂದ ಲೈಟನ್ನು ಮೂರು ಮೀಟರ್ ಹಿಂದಕ್ಕೆ ಒಯ್ದರೆ ಗೋಡೆಗೆ ಅರ್ಧಕ್ಕಿಂತ ಜಾಸ್ತಿ ಬರುತ್ತದೆ, ಆದರೆ ಆಗ ಮೃದುತನ ಹೋಯಿತು. ಎರಡೂ ಬೇಕು ಅನ್ನಿಸಿದಾಗ ಗೋಡೆಗೆ ಅಂತ ಇನ್ನೊಂದು ಲೈಟ್ ತನ್ನಿ, ಅಲ್ಲಿಯವರೆಗೆ ಸುಮ್ನೆ ದುಡ್ಡು ಹಾಕಬೇಡಿ. ನೆರಳಿನ ಕಡೆ ತುಂಬಾ ಕಪ್ಪಾದರೆ ಒಂದು ಬಿಳಿ ಥರ್ಮಾಕೋಲ್ ಹಲಗೆ ಹಿಡಿದರೆ ಸಾಕು.

ಇನ್ನು ಲೈಟ್ ಎಲ್ಲಿಡಬೇಕು? ಮಾಡೆಲಿಂಗ್ ಲ್ಯಾಂಪ್ (ಫ್ಲಾಶಿನಲ್ಲೇ ಇರುವ, ಸದಾ ಉರಿಯುವ ಬಲ್ಬ್) ಹಾಕಿ, ಎದುರು ಕೂತವರ ಮೂಗಿನ ನೆರಳನ್ನೇ ನೋಡುತ್ತಾ ಲೈಟನ್ನು ನಿಧಾನಕ್ಕೆ ಮೇಲೆತ್ತಿ. ನೆರಳು ಕೆಳಗೆ ಇಳಿಯುತ್ತದೆ. ತುಟಿ ಮುಟ್ಟುವ ಮೊದಲು ನಿಲ್ಲಿಸಿ. ಈಗ ಕಣ್ಣು ನೋಡಿ. ಕಣ್ಣಗುಡ್ಡೆಯ ಮೇಲ್ಭಾಗದಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯುತ್ತಿರಬೇಕು. ಅದು ಇಲ್ಲದಿದ್ದರೆ ಕಣ್ಣು ಸತ್ತ ಹಾಗೆ ಕಾಣುತ್ತದೆ, ಹುಬ್ಬಿನ ಕೆಳಗೆ ಗುಂಡಿ ಬಿದ್ದ ಹಾಗಿರುತ್ತದೆ. ಲೈಟ್ ಚೂರು ಇಳಿಸಿ.

ಕನ್ನಡಕದವರಾದರೆ ಗಾಜಿನಲ್ಲಿ ಸಾಫ್ಟ್‌ಬಾಕ್ಸ್ ಇಡೀ ಹೊಳೆಯುತ್ತದೆ. ಲೈಟನ್ನು ಸ್ವಲ್ಪ ಮೇಲೆ, ಪಕ್ಕಕ್ಕೆ ಸರಿಸಿ. ಆದರೂ ಹೋಗದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಬೆರಳಿನಷ್ಟು ಎತ್ತಿ ಕೂರಿಸಿ, ಗಾಜು ಕೆಳಗೆ ಬಾಗಿ ಹೊಳಪು ಹೋಗುತ್ತದೆ. ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ.

ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಹಾಕದೆ ಯಾರನ್ನೂ ಲೈಟಿನ ಕೆಳಗೆ ಕೂರಿಸಬೇಡಿ, ಮಕ್ಕಳಿದ್ದರಂತೂ ಬೇಡವೇ ಬೇಡ.

ಅಭ್ಯಾಸಕ್ಕೆ ಒಬ್ಬರನ್ನು ಕೂರಿಸಿ, ಕ್ಯಾಮೆರಾ ಅಲ್ಲಾಡಿಸದೆ, ಲೈಟನ್ನು ಮಾತ್ರ ಅವರ ಸುತ್ತ ಒಂದೊಂದೇ ಹೆಜ್ಜೆ ಸರಿಸುತ್ತಾ ಪ್ರತಿ ಜಾಗದಿಂದ ಒಂದು ಫೋಟೋ ತೆಗೆಯಿರಿ. ಆಮೇಲೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಮೂಗಿನ ನೆರಳು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಅವರ ಜೊತೆಗೇ ಕೂತು ನೋಡಿ.