ನೆರೆ ದೇಶ ಗಡಿ ಮುಚ್ಚಿದರೆ ಡಬ್ಲ್ಯುಟಿಒಗೆ ದೂರು ಹೇಗೆ?

ನೆರೆಯವರ ಸರಕನ್ನು ತಡೆಯಲು ನಿಷೇಧವೇ ಬೇಕಿಲ್ಲ, ಇಂಥ ಬಂದರಿನಲ್ಲೇ ಇಳಿಸಿ ಎಂದರೂ ಸಾಕು. 2007ರಲ್ಲಿ ಕೊಲಂಬಿಯಾ ಮಾಡಿದ್ದು ಅದನ್ನೇ. ಪನಾಮಾದಿಂದ ಬರುವ ಜವಳಿ, ಸಿದ್ಧ ಉಡುಪು, ಪಾದರಕ್ಷೆಗಳಿಗೆ ಬೊಗೋಟಾ ಮತ್ತು ಬಾರಂಕಿಲ್ಯಾ ಎರಡೇ ದಾರಿ ಉಳಿದವು. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ತನ್ನ ಭೂಗಡಿಯಲ್ಲಿ ಭಾರತದ ನೂಲನ್ನು ತಡೆಯಿತು. ಮೇ ತಿಂಗಳಲ್ಲಿ ಭಾರತ ಬಾಂಗ್ಲಾದ ಸಿದ್ಧ ಉಡುಪಿಗೆ ನ್ಹಾವಾ ಶೇವಾ, ಕೋಲ್ಕತ್ತ ಬಂದರುಗಳನ್ನಷ್ಟೇ ತೆರೆದಿಟ್ಟಿತು.

ಇಂಥ ನಿರ್ಬಂಧದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ದೂರು ಕೊಡುವ ಹಕ್ಕು ಸರ್ಕಾರಕ್ಕೆ ಮಾತ್ರ. ಆದರೆ ದಾಖಲೆ ಇರುವುದು ರಫ್ತುದಾರರ ಬಳಿ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ರಫ್ತುದಾರರ ಸಂಘದಲ್ಲಿ.

ಸರಕು ಆ ದೇಶದಲ್ಲೇ ಮಾರಾಟಕ್ಕೋ, ಅದನ್ನು ದಾಟಿ ಮೂರನೇ ದೇಶಕ್ಕೋ? ಇದನ್ನು ಮೊದಲು ಬೇರ್ಪಡಿಸಿ. ಆಮದು ನಿರ್ಬಂಧಕ್ಕೆ ಗ್ಯಾಟ್‌ನ (ಡಬ್ಲ್ಯುಟಿಒದ ಸರಕು ವ್ಯಾಪಾರ ಒಪ್ಪಂದ) 11ನೇ ವಿಧಿ, ದಾಟಿ ಹೋಗುವ ಸರಕಿಗೆ (ಟ್ರಾನ್ಸಿಟ್) 5ನೇ ವಿಧಿ. ಪನಾಮಾ ಎರಡನ್ನೂ ಹಿಡಿದು 2009ರಲ್ಲಿ ಎರಡರಲ್ಲೂ ಗೆದ್ದಿತು.

ನಿರ್ಬಂಧದ ಆದೇಶದ ಪ್ರತಿ, ನಿರ್ಬಂಧದ ಮೊದಲಿನ ಮತ್ತು ನಂತರದ ಬಾಡಿಗೆ ಬಿಲ್ಲು, ಡೆಮರೇಜ್ (ಸರಕು ತಡವಾದುದಕ್ಕೆ ತೆತ್ತ ಶುಲ್ಕ) ರಸೀದಿ, ವಾಪಸಾದ ಸರಕಿನ ಕಾಗದಪತ್ರಗಳನ್ನು ತಿಂಗಳವಾರು ಜೋಡಿಸಿಡಿ. ಆಮದು ಇಳಿದ ಅಂಕಿಯೊಂದನ್ನೇ ನೆಚ್ಚಿದರೆ ವಾದ ಸೊರಗುತ್ತದೆ, ಇಳಿಕೆಗೆ ಬೇರೆ ಕಾರಣಗಳೂ ಇರಬಹುದಲ್ಲ! ಪನಾಮಾ ಪ್ರಕರಣದಲ್ಲೂ ಪ್ಯಾನೆಲ್ (ವಿವಾದ ಆಲಿಸುವ ತಜ್ಞರ ತಂಡ) ಮುಖ್ಯವಾಗಿ ನೋಡಿದ್ದು ಬಂದರು ಷರತ್ತಿನಿಂದ ಹೆಚ್ಚಿದ ವೆಚ್ಚ, ಅನಿಶ್ಚಿತತೆ, ಕುಗ್ಗಿದ ಸ್ಪರ್ಧಾವಕಾಶಗಳನ್ನು. ಕಳ್ಳಸಾಗಣೆ ತಡೆಯಲು ಇದು ಬೇಕಿತ್ತು ಎಂಬ ಕೊಲಂಬಿಯಾದ ವಾದ ನಿಲ್ಲಲಿಲ್ಲ.

ಮುಂದಿನದು ಸಮಾಲೋಚನೆಯ ಕೋರಿಕೆ. ಎದುರಿನವರು 10 ದಿನದೊಳಗೆ ಉತ್ತರಿಸಿ, 30 ದಿನದೊಳಗೆ ಮಾತುಕತೆಗೆ ಕೂರಬೇಕು. 60 ದಿನದಲ್ಲಿ ಬಗೆಹರಿಯದಿದ್ದರೆ ಪ್ಯಾನೆಲ್ ಕೇಳಬಹುದು. ಹಣ್ಣು, ಮೀನಿನಂಥ ಬೇಗ ಕೆಡುವ ಸರಕಾದರೆ 20 ದಿನ ಸಾಕು. ಹೆಚ್ಚಿನ ಎಡವಟ್ಟು ಆಗುವುದು ಪ್ಯಾನೆಲ್ ಕೋರಿಕೆ ಬರೆಯುವಾಗ: ಅದರಲ್ಲಿ ಹೆಸರಿಸದ ಆದೇಶ, ವಿಧಿಗಳನ್ನು ಆಮೇಲೆ ಸೇರಿಸಲಾಗದು. ಪ್ರತಿಯೊಂದು ಆದೇಶವನ್ನೂ ಸಂಖ್ಯೆ, ದಿನಾಂಕ ಸಹಿತ ಬರೆಯಿರಿ. ಈ ಕೋರಿಕೆ ಡಬ್ಲ್ಯುಟಿಒದ ವಿವಾದ ಇತ್ಯರ್ಥ ಮಂಡಳಿಗೆ ಬಂದಾಗ ಮೊದಲ ಸಭೆಯಲ್ಲಿ ಎದುರಾಳಿ ಪ್ಯಾನೆಲ್ ರಚನೆ ತಡೆಯಬಹುದು, ಎರಡನೆಯದರಲ್ಲಿ ಆಗದು.

ದೇಶದ ಭದ್ರತೆಯ ನೆಪವೊಡ್ಡಿದರೆ, ಅದಕ್ಕೆ ವಿನಾಯಿತಿ ಕೊಡುವ ಗ್ಯಾಟ್‌ನ 21ನೇ ವಿಧಿ ಎದುರಾಗುತ್ತದೆ. 2016ರಲ್ಲಿ ಕಜಾಕ್‌ಸ್ತಾನದತ್ತ ಹೊರಟ ಉಕ್ರೇನ್ ಲಾರಿಗಳನ್ನು ರಷ್ಯಾ ಬೆಲರೂಸ್ ಸುತ್ತಿಸಿತು. ಭದ್ರತೆ ಎಂದ ಮಾತ್ರಕ್ಕೆ ಒಪ್ಪಲಾಗದು, ಪರಿಶೀಲಿಸುವ ಹಕ್ಕು ತನಗಿದೆ ಎಂದು ಪ್ಯಾನೆಲ್ 2019ರಲ್ಲಿ ಹೇಳಿತು. ಪರಿಶೀಲಿಸಿ, 2014ರಿಂದ ಎರಡೂ ದೇಶಗಳ ನಡುವೆ ತುರ್ತು ಸ್ಥಿತಿ ಇದೆಯೆಂದು ಕಂಡುಕೊಂಡಿತು. ಉಕ್ರೇನ್ ಸೋತಿತು. ಗಡಿಯಲ್ಲಿ ಸಂಘರ್ಷವಿರುವಾಗ ಈ ದಾರಿ ಹಿಡಿಯುವವರು ಇದನ್ನು ಮರೆಯಬಾರದು.

ಗೆದ್ದರೂ ಹಿಂದಿನ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ. ನಿರ್ಬಂಧ ತೆಗೆಯಲು ಗಡುವು ಬೀಳುತ್ತದೆ, ಅಷ್ಟೇ. ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಸ್ಥಗಿತಗೊಂಡಿರುವುದರಿಂದ ಸೋತವರು ಮೇಲ್ಮನವಿ ಹಾಕಿ ತೀರ್ಪನ್ನು ನೇತಾಡಿಸಬಹುದು. ಪ್ಯಾನೆಲ್ ರಚನೆಯಾಗುವ ಮೊದಲೇ, ಮೇಲ್ಮನವಿಯ ಬದಲು ಡಬ್ಲ್ಯುಟಿಒದ ವಿವಾದ ಇತ್ಯರ್ಥ ಒಪ್ಪಂದದ 25ನೇ ವಿಧಿಯ ಮಧ್ಯಸ್ಥಿಕೆಗೆ ಒಪ್ಪುವುದಾಗಿ ಎದುರು ಪಕ್ಷದಿಂದ ಬರೆಸಿಕೊಳ್ಳಲು ಯತ್ನಿಸಿ.